ದತ್ತಸ್ವಾತಂತ್ರ್ಯವೂ ಒಂದು ಸೊನ್ನೆಯೂ

ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೋಬಾಲ್ ಬರೆದು ನಿವೃತ್ತನಾದವನು ನಾನು. ಕೋಬಾಲ್‌ನಲ್ಲಿ ಕರ್ತೃ ಯಾರು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಪ್ರೊಸೀಜರ್ ಡಿವಿಜನ್ ಎಂದು ಬರೆದಲ್ಲಿಂದ ಶುರು, ಸ್ಟಾಪ್ ರನ್ ಎಂದು ಬರೆದಲ್ಲಿಗೆ ಮುಕ್ತಾಯ, ನಡುವಿನದೆಲ್ಲ ನಾನು ಹೇಳಿದ ಕ್ರಮದಲ್ಲೇ. ಉಳಿತಾಯ ಖಾತೆಗಳಿಗೆ ಬಡ್ಡಿ ಹಾಕುವ ಪ್ರೋಗ್ರಾಮ್ ರಾತ್ರಿ ಸರಿಯಾಗಿ ಓಡಿದರೆ ಅದು ನನ್ನದು, ಅರ್ಧಕ್ಕೆ ನಿಂತರೂ ನನ್ನದೇ. ಅಹಂಕಾರಕ್ಕೆ ಇಷ್ಟು ಒಗ್ಗುವ ಭಾಷೆ ಬೇರೊಂದಿಲ್ಲ. ಇಂಥವನು ವಿಎಸ್ ಕೋಡ್ ಎಂಬ ಎಡಿಟರ್‌ಗೆ ಒಂದು ಎಕ್ಸ್‌ಟೆನ್ಶನ್ ಬರೆಯಲು ಕೂತಾಗ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದ ಅಡ್ಡ ಬಂತು. ಉಡುಪಿಯಲ್ಲಿ ಮನೆಯಿದ್ದು, ಸಂಜೆ ಭಾಷ್ಯಪಾಠಕ್ಕೆ ಹೋಗುವ ಚಟವಿದ್ದರೆ ಇಂಥವು ಅಡ್ಡ ಬರುತ್ತವೆ.

ಬರೆಯಬೇಕಾಗಿ ಬಂದದ್ದು ಒಂದು ಸೊನ್ನೆಯ ದೆಸೆಯಿಂದ. ನಾವು ಕೆಲವರು ಸೇರಿ ಹಳೆಯ ಸಂಸ್ಕೃತ ಗ್ರಂಥಗಳನ್ನು ಕನ್ನಡ ಲಿಪಿಯಲ್ಲಿ ಯೂನಿಕೋಡ್‌ಗೆ ಇಳಿಸುತ್ತೇವೆ. ಟೈಪು ಮಾಡುವವರು ಬೇರೆ ಬೇರೆಯವರು, ಅವರ ಅಭ್ಯಾಸಗಳೂ ಬೇರೆ ಬೇರೆ. ವಿಸರ್ಗದ ಜಾಗದಲ್ಲಿ ಕೋಲನ್ ಹಾಕುವವರಿದ್ದಾರೆ. ಅವಗ್ರಹದ ಜಾಗದಲ್ಲಿ ಇಂಗ್ಲಿಷಿನ ಎಸ್ ಒತ್ತುವವರಿದ್ದಾರೆ, ನೋಡಲು ಹಾಗೇ ಕಾಣುತ್ತದಲ್ಲ. ಇವೆಲ್ಲ ಕಣ್ಣಿಗೆ ಸಿಗುವ ತಪ್ಪುಗಳು. ಸಿಗದ ತಪ್ಪು ಅನುಸ್ವಾರದ್ದು. ಅನುಸ್ವಾರಕ್ಕೂ ಕನ್ನಡದ ಸೊನ್ನೆ ಅಂಕಿಗೂ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಖ್ಯೆ ಉಂಟು. ಪರದೆಯ ಮೇಲೆ ಎರಡೂ ಒಂದೊಂದು ದುಂಡಗಿನ ಉಂಗುರ. ‘ಸಂಸಾರ’ ಎಂದು ಬರೆಯುವಾಗ ಅಂಕಿಯ ಸೊನ್ನೆ ಒತ್ತಿದರೆ ಓದುವವನಿಗೆ ಸಂಸಾರವೇ ಕಾಣುತ್ತದೆ. ಹುಡುಕಿದರೆ ಮಾತ್ರ ಸಂಸಾರ ಇಲ್ಲ. ಹೀಗೆ ಸಂಸಾರ ಇಲ್ಲವಾಗುವುದನ್ನು ಶಂಕರರು ಮೆಚ್ಚಿಯಾರು, ಅನುಕ್ರಮಣಿಕೆ ಮಾಡುವವನಿಗೆ ಅದು ದೊಡ್ಡ ತಲೆನೋವು.

ಬೆಂಗಳೂರಿನಲ್ಲಿ ಕೆಲಸ ಮಾಡುವ ತಂಗಿಯ ಮಗಳಿಗೆ ಫೋನ್ ಮಾಡಿದೆ. “ಮಾವಾ, ಅದಕ್ಕೆ ಯಾರನ್ನೂ ಕಾಯ್ಬೇಡಿ, ನೀವೇ ಒಂದು ಎಕ್ಸ್‌ಟೆನ್ಶನ್ ಬರೀರಿ” ಎಂದಳು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಎಂಬ ತಂತ್ರಾಂಶ ಹಾಕಿಸಿದಳು. ಯೋಮನ್ ಎಂಬ ಸಾಧನಕ್ಕೆ ‘ಯೋ ಕೋಡ್’ ಎಂದು ಆಜ್ಞೆ ಕೊಡಿಸಿದಳು. ಅದು ಹೆಸರು ಏನು, ಟೈಪ್‌ಸ್ಕ್ರಿಪ್ಟ್ ಬೇಕೋ ಜಾವಾಸ್ಕ್ರಿಪ್ಟ್ ಬೇಕೋ ಎಂದು ಕೇಳಿ ಒಂದು ಫೋಲ್ಡರ್ ಕಟ್ಟಿಕೊಟ್ಟಿತು. ಅದನ್ನು ತೆರೆದು ಎಫ್5 ಒತ್ತಿದರೆ ಎಡಿಟರ್‌ನದೇ ಇನ್ನೊಂದು ಕಿಟಕಿ ತೆರೆಯುತ್ತದೆ. ಆ ಎರಡನೆಯ ಕಿಟಕಿಯೊಳಗೆ ನಿಮ್ಮ ಎಕ್ಸ್‌ಟೆನ್ಶನ್ ಜೀವಂತ. ಕಮಾಂಡ್ ಪ್ಯಾಲೆಟ್ ತೆರೆದು ಹೆಸರು ಹಿಡಿದು ಕರೆದರೆ ಕೆಳಗಿನ ಮೂಲೆಯಲ್ಲಿ ‘ಹಲೋ ವರ್ಲ್ಡ್’ ಎಂಬ ಚೀಟಿ ಬರುತ್ತದೆ. ಇಷ್ಟು ಆಗಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಬೇಡ. ಕಲಿಯುವವರಿಗೆ ನನ್ನ ಸಲಹೆ: ಅಲ್ಲಿಗೆ ಕುಣಿಯಬೇಡಿ, ಆ ಫೋಲ್ಡರ್‌ನ ಎರಡು ಕಡತಗಳನ್ನು ನಿಧಾನವಾಗಿ ಓದಿ.

ಒಂದು, ಪ್ಯಾಕೇಜ್ ಡಾಟ್ ಜೇಸನ್. ಅದರಲ್ಲಿ ‘ಕಾಂಟ್ರಿಬ್ಯೂಟ್ಸ್’ ಎಂಬ ಭಾಗ ಉಂಟು. ನಾನು ಏನೇನು ಕೊಡಬಲ್ಲೆ, ಯಾವ ಆಜ್ಞೆ, ಅದಕ್ಕೆ ಯಾವ ಹೆಸರು ಎಂದು ಮೊದಲೇ ಘೋಷಿಸಬೇಕು. ಎಡಿಟರ್ ನನ್ನ ಕೋಡಿನ ಒಂದು ಸಾಲನ್ನೂ ಓಡಿಸದೆ ಈ ಘೋಷಣೆಯನ್ನಷ್ಟೇ ಓದಿ, ‘ಸೊನ್ನೆ ಹುಡುಕು’ ಎಂಬ ಹೆಸರನ್ನು ಪಟ್ಟಿಯಲ್ಲಿ ತೋರಿಸುತ್ತದೆ. ಹೆಸರು ಎದ್ದಿದೆ, ಕೆಲಸ ಮಲಗಿದೆ. ಇನ್ನೊಂದು, ಎಕ್ಸ್‌ಟೆನ್ಶನ್ ಡಾಟ್ ಟಿಎಸ್. ಅದರಲ್ಲಿ ‘ಆಕ್ಟಿವೇಟ್’ ಎಂಬ ಒಂದು ಫಂಕ್ಷನ್. ಅದನ್ನು ನಾನು ಬರೆಯುತ್ತೇನೆ, ಹೊರಗೆ ಕಾಣುವಂತೆ ಇಡುತ್ತೇನೆ, ಆದರೆ ಅದನ್ನು ಕರೆಯುವ ಸಾಲು ನನ್ನ ಕೋಡಿನಲ್ಲಿ ಎಲ್ಲಿಯೂ ಇಲ್ಲ. ಯಾರೋ ಆ ಹೆಸರನ್ನು ಆರಿಸಿದಾಗ ಎಡಿಟರ್ ನನ್ನ ಕಡತವನ್ನು ಎಬ್ಬಿಸಿ ಆಕ್ಟಿವೇಟನ್ನು ಒಮ್ಮೆ ಕರೆಯುತ್ತದೆ. ಹಿಂದೆ ಯಾವ ಘಟನೆಗೆ ಏಳಬೇಕೆಂದು ಆಜ್ಞೆಗೊಂದರಂತೆ ಬರೆದುಕೊಡಬೇಕಿತ್ತು; 2022ರ ಕೊನೆಯಲ್ಲಿ ಬಂದ 1.74ನೇ ಆವೃತ್ತಿಯಿಂದ, ಆಜ್ಞೆಯನ್ನು ಘೋಷಿಸಿದ್ದರೆ ಸಾಕು. ಆಕ್ಟಿವೇಟ್ ಕೂಡ ಕೆಲಸ ಮಾಡುವುದಿಲ್ಲ. ‘ಈ ಹೆಸರಿನಲ್ಲಿ ಕರೆ ಬಂದರೆ ಇದನ್ನು ಮಾಡು’ ಎಂದು ನೋಂದಾಯಿಸಿ ಸುಮ್ಮನಾಗುತ್ತದೆ. ಎರಡು ಪದರದ ಕಾಯುವಿಕೆ.

ಕೋಬಾಲ್ ಮನುಷ್ಯನಿಗೆ ಇದು ಹಿಡಿಸಲಿಲ್ಲ. ಎಡಿಟರ್‌ನ ಹಂಗೇ ಬೇಡವೆಂದರೆ ಏನಾಗುತ್ತದೆ ನೋಡೋಣವೆಂದು ಬೇಕೆಂದೇ ಆ ಕಡತವನ್ನು ನೋಡ್‌ನಲ್ಲಿ ನೇರ ಓಡಿಸಿದೆ. ‘ವಿಎಸ್‌ಕೋಡ್’ ಎಂಬ ಮಾಡ್ಯೂಲ್ ಸಿಗುವುದಿಲ್ಲ ಎಂದಿತು. ಸಿಗುವುದೂ ಇಲ್ಲ. ಕಡತದ ಮೊದಲ ಸಾಲಿನಲ್ಲೇ ನಾವು ತರಿಸಿಕೊಳ್ಳುವ ಆ ಮಾಡ್ಯೂಲ್ ನಮ್ಮ ಡಿಸ್ಕಿನಲ್ಲಿ ಎಲ್ಲಿಯೂ ಇರುವುದಿಲ್ಲ. ಡೌನ್‌ಲೋಡ್ ಆಗಿರುವುದು ಅದರ ಬರೀ ವಿವರಣೆ, ಯಾವ ಫಂಕ್ಷನ್‌ಗೆ ಏನು ಕೊಡಬೇಕು ಎಂಬ ಟೈಪುಗಳು. ನಿಜವಾದ ವಸ್ತುವನ್ನು ಎಡಿಟರ್ ಓಡುವ ಹೊತ್ತಿಗೆ ಕೈಗಿಡುತ್ತದೆ. ಪಠ್ಯವನ್ನು ನೋಡುವ, ಬದಲಿಸುವ, ಚೀಟಿ ತೋರಿಸುವ ಶಕ್ತಿ ಎಲ್ಲವೂ ಆ ಮಾಡ್ಯೂಲ್‌ನದು.

ಹಾಗಾದರೆ ಸೊನ್ನೆ ಹುಡುಕಿದ್ದು ಯಾರು?

ಆಗ ಪಾಠದಲ್ಲಿ ನಡೆಯುತ್ತಿದ್ದದ್ದು ಜೀವನ ಕರ್ತೃತ್ವದ ಅಧಿಕರಣ. ಸೂತ್ರಕಾರರು ಮೊದಲು ಜೀವ ಕರ್ತೃವೇ ಹೌದು ಎನ್ನುತ್ತಾರೆ. ಇಲ್ಲವಾದರೆ ‘ಇದನ್ನು ಮಾಡು, ಅದನ್ನು ಮಾಡಬೇಡ’ ಎಂಬ ಶಾಸ್ತ್ರ ಯಾರಿಗೆ? ಆಮೇಲೆ ಒಂದು ಪುಟ್ಟ ಸೂತ್ರದಲ್ಲಿ ಬಡಗಿಯನ್ನು ಕರೆತರುತ್ತಾರೆ: ಬಡಗಿಯಂತೆ, ಎರಡೂ ರೀತಿಯಲ್ಲಿ. ಅಷ್ಟೇ. ಯಾವ ಎರಡು ರೀತಿ ಎಂದು ಹೇಳುವುದಿಲ್ಲ. ಸೂತ್ರಕಾರರ ಈ ಜಿಪುಣತನದ ಮೇಲೆ ಆಚಾರ್ಯರೆಲ್ಲ ಮನೆ ಕಟ್ಟಿದ್ದಾರೆ. ಶಂಕರರ ಬಡಗಿ ಬಾಚಿ ಹಿಡಿದಿರುವಾಗ ಕರ್ತೃ, ಆಗ ದುಃಖಿ. ಉಪಕರಣ ಕೆಳಗಿಟ್ಟು ಮನೆಗೆ ಬಂದು ಕೂತರೆ ಕರ್ತೃವಲ್ಲ, ಸುಖಿ. ಕರ್ತೃತ್ವ ಬಾಚಿಯಿಂದ ಬಂದದ್ದು, ಆತ್ಮನ ಸ್ವಭಾವ ಅಲ್ಲ. ರಾಮಾನುಜರ ಬಡಗಿ ಬಾಚಿ ಕೈಯಲ್ಲಿದ್ದರೂ ಮನಸ್ಸಿದ್ದರೆ ಕೆತ್ತುತ್ತಾನೆ, ಇಲ್ಲದಿದ್ದರೆ ಇಲ್ಲ. ಮಧ್ವರ ಬಡಗಿ ಕೂಲಿಗೆ ಬಂದವನು. ಮಾಡಿಸುವವನ ನಿಯಂತ್ರಣವೂ ಅವನ ಮೇಲೆ ಉಂಟು, ಕೆತ್ತುವ ಕರ್ತೃತ್ವವೂ ಅವನದೇ. ಎರಡೂ ಒಟ್ಟಿಗೆ, ಒಂದೇ ಗಳಿಗೆಯಲ್ಲಿ.

ನಮ್ಮ ಮನೆಗೆ ಬಾಗಿಲು ಮಾಡಲು ಬಂದ ಆಚಾರಿಯನ್ನು ಕಂಡವರಿಗೆ ಮಧ್ವರ ಬಡಗಿ ತಕ್ಷಣ ಗುರುತು ಸಿಗುತ್ತಾನೆ. ಬಾಗಿಲು ಎಲ್ಲಿ ಬೇಕು, ಎಷ್ಟು ಎತ್ತರ, ಯಾವ ಮರ, ಎಲ್ಲ ನಾನು ಹೇಳಿದ್ದು. ಮರವೂ ನನ್ನದು. ಹಾಗೆಂದು ಆ ಬಾಗಿಲು ನಾನು ಮಾಡಿದ್ದೆಂದು ಹೇಳಿದರೆ ಅವನು ನಗುತ್ತಾನೆ. ಬಾಗಿಲು ಸೆಟೆದುಕೊಂಡರೆ ನಾನೂ ಅವನನ್ನೇ ಕರೆಸುತ್ತೇನೆ.

ಎಡಿಟರ್‌ಗಳ ಲೋಕದಲ್ಲಿ ಈ ಚರ್ಚೆ ಹೊಸದಲ್ಲ, ಹೆಸರು ಮಾತ್ರ ಬೇರೆ. ಇಮ್ಯಾಕ್ಸ್ ಎಂಬ ಎಡಿಟರ್ 1976ರಲ್ಲಿ ಎಂಐಟಿಯ ಪ್ರಯೋಗಾಲಯದಲ್ಲಿ ಹುಟ್ಟಿತು. ರಿಚರ್ಡ್ ಸ್ಟಾಲ್ಮನ್ ಅದನ್ನು 1985ರಲ್ಲಿ ಗ್ನೂ ಇಮ್ಯಾಕ್ಸ್ ಎಂದು ಹೊಸದಾಗಿ ಹೊರತಂದರು. ಸಿ ಭಾಷೆಯ ಒಂದು ತಿರುಳು ಬಿಟ್ಟರೆ ಅದರ ಬಹುಪಾಲು ಲಿಸ್ಪ್‌ನಲ್ಲೇ ಇದೆ, ಬಳಸುವವನು ಬರೆಯುವುದೂ ಅದೇ ಲಿಸ್ಪ್. ಎಡಿಟರ್‌ನ ಫಂಕ್ಷನ್‌ಗೂ ನಿಮ್ಮ ಫಂಕ್ಷನ್‌ಗೂ ನಡುವೆ ಗೋಡೆ ಇಲ್ಲ. ಅದರ ಯಾವ ಫಂಕ್ಷನ್ನನ್ನಾದರೂ ತೆಗೆದು ನಿಮ್ಮದನ್ನು ಕೂರಿಸಬಹುದು. ‘ಎ’ ಕೀಲಿ ಒತ್ತಿದರೆ ‘ಎ’ ಮೂಡುವುದು ಕೂಡ ಅಲ್ಲಿ ಒಂದು ಕಮಾಂಡ್. ಬೇಡವೆಂದರೆ ಆ ಕೀಲಿಗೆ ಬೇರೆ ಕಮಾಂಡ್ ಕಟ್ಟಬಹುದು. ಎಡಿಟರ್ ಬೇರೆ, ವಿಸ್ತರಣೆ ಬೇರೆ ಎಂಬುದು ವ್ಯವಹಾರಕ್ಕೆ ಹೇಳುವ ಮಾತು, ಒಳಗೆ ಹೋಗಿ ನೋಡಿದರೆ ಎಲ್ಲ ಒಂದೇ. ಇದಕ್ಕಿಂತ ಸ್ಪಷ್ಟವಾದ ಅದ್ವೈತವನ್ನು ಯಂತ್ರದಲ್ಲಿ ನಾನು ಕಂಡಿಲ್ಲ. ಬೆಲೆಯೂ ಸ್ಪಷ್ಟ: ನಾನು ಬರೆದ ಲೂಪ್ ನಿಲ್ಲದೆ ಸುತ್ತಿದರೆ ಇಡೀ ಇಮ್ಯಾಕ್ಸ್ ಸುತ್ತುತ್ತದೆ, ಏಕೆಂದರೆ ಅದೂ ನಾನೇ. ಕಂಟ್ರೋಲ್-ಜಿ ಒತ್ತಿ ಬಿಡಿಸಿಕೊಳ್ಳಬೇಕು.

ವಿಎಸ್ ಕೋಡ್ ಕಟ್ಟಿದ ತಂಡದ ಮುಂದಾಳು ಎರಿಕ್ ಗಾಮಾ. ಡಿಸೈನ್ ಪ್ಯಾಟರ್ನ್ಸ್ ಪುಸ್ತಕದ ನಾಲ್ವರು ಲೇಖಕರಲ್ಲಿ ಒಬ್ಬರು, ವಿಎಸ್ ಕೋಡ್‌ಗೂ ಮೊದಲು ಎಕ್ಲಿಪ್ಸ್ ಎಂಬ ಇನ್ನೊಂದು ಎಡಿಟರ್‌ನಲ್ಲಿ ಕೆಲಸ ಮಾಡಿದವರು. ಇತರರ ಪ್ಲಗಿನ್‌ಗಳನ್ನು ಒಳಗೆ ಬಿಟ್ಟುಕೊಂಡರೆ ಎಡಿಟರ್ ಪಾಡೇನು ಎಂದು ಬಲ್ಲವರು. ವಿಎಸ್ ಕೋಡ್ 2015ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು, ಅದೇ ವರ್ಷದ ನವೆಂಬರ್‌ನಲ್ಲಿ ಅದರ ಮೂಲಕೋಡ್ ಎಲ್ಲರಿಗೂ ತೆರೆಯಿತು. ಎಕ್ಸ್‌ಟೆನ್ಶನ್‌ಗಳು ಇಲ್ಲಿ ಎಡಿಟರ್‌ನ ಪ್ರೋಸೆಸ್‌ನಲ್ಲಿ ಇರುವುದೇ ಇಲ್ಲ. ‘ಎಕ್ಸ್‌ಟೆನ್ಶನ್ ಹೋಸ್ಟ್’ ಎಂಬ ಬೇರೆಯೇ ಪ್ರೋಸೆಸ್‌ನಲ್ಲಿ ಇರುತ್ತವೆ. ಪರದೆಯ ಒಳರಚನೆಯನ್ನು ಮುಟ್ಟುವಂತಿಲ್ಲ, ಕೇಳಬಹುದು ಅಷ್ಟೇ. ನನ್ನ ಲೂಪ್ ಹುಚ್ಚು ಹಿಡಿದು ಸುತ್ತಿದರೆ ಅದೇ ಹೋಸ್ಟ್‌ನಲ್ಲಿರುವ ಇತರ ಎಕ್ಸ್‌ಟೆನ್ಶನ್‌ಗಳು ಕಾಯುತ್ತಾ ಕೂರುತ್ತವೆ, ಆದರೆ ಟೈಪು ಮಾಡುವುದು ನಿಲ್ಲುವುದಿಲ್ಲ. ಒಬ್ಬ ಜೀವನ ದೋಷ ಇನ್ನೊಬ್ಬ ಜೀವನಿಗೆ ತಟ್ಟಬಹುದು, ಒಡೆಯನಿಗೆ ತಟ್ಟದು. ಜೀವ-ಜೀವ ಭೇದ, ಜೀವ-ಈಶ ಭೇದ ಎರಡನ್ನೂ ಇಷ್ಟು ಅಚ್ಚುಕಟ್ಟಾಗಿ ಜ್ಯೂರಿಕ್‌ನಲ್ಲಿ ಕೂತು ಕಟ್ಟಿದ್ದಾರೆ ಮಾರಾಯ್ರೆ! (ವಿಶಿಷ್ಟಾದ್ವೈತಕ್ಕೆ ಯಾವ ಎಡಿಟರ್ ಎಂದು ಪಾಠದ ಗೆಳೆಯರೊಬ್ಬರು ಕೇಳಿದರು. ಜಾತಕ ಕೂಡಿಸಿದಂತೆ ಎಲ್ಲವನ್ನೂ ಕೂಡಿಸಲು ನನಗೆ ಮನಸ್ಸಿಲ್ಲ.)

ಮಧ್ವರು ತತ್ತ್ವವನ್ನು ಮೊದಲು ಎರಡಾಗಿ ವಿಂಗಡಿಸುತ್ತಾರೆ: ಸ್ವತಂತ್ರ, ಅಸ್ವತಂತ್ರ. ಅಸ್ವತಂತ್ರ ಎಂದರೆ ಸುಳ್ಳು ಅಂತಲ್ಲ. ಅಸ್ವತಂತ್ರವಾದದ್ದು ಪೂರಾ ಸತ್ಯ, ಅದರ ಕ್ರಿಯೆಯೂ ಸತ್ಯ. ಅದು ಹೊಸ ಸ್ಥಿತಿಗೆ ಬರುವುದು ಮಾತ್ರ ಇನ್ನೊಬ್ಬನ ಅಧೀನ. ಪರಾಧೀನ ವಿಶೇಷಾಪ್ತಿ ಎಂಬ ಅವರ ಪರಿಭಾಷೆ ಇದಕ್ಕೇ ಇದೆ. ಪಾಠದಲ್ಲಿ ಕೇಳಿದಾಗ ಅದು ನನಗೆ ಒಣ ಶಬ್ದವಾಗಿತ್ತು. ಹೆಸರು ಪಟ್ಟಿಯಲ್ಲಿದ್ದೂ ಕೋಡ್ ಮಲಗಿರುವುದು, ಕರೆ ಬಂದಾಗ ಅದೇ ಕೋಡ್ ಎದ್ದ ಸ್ಥಿತಿಗೆ ಬರುವುದು, ಹೊಸದೇನೂ ಹುಟ್ಟದಿರುವುದು, ಇಷ್ಟನ್ನು ಕಂಡ ಮೇಲೆ ಶಬ್ದಕ್ಕೆ ರಕ್ತ ತುಂಬಿತು. ಪರಂಪರೆಯಲ್ಲಿ ಜೀವನಿಗೆ ಇರುವುದನ್ನು ದತ್ತಸ್ವಾತಂತ್ರ್ಯ ಎನ್ನುತ್ತಾರೆ, ಕೊಟ್ಟ ಸ್ವಾತಂತ್ರ್ಯ. ಕೊಟ್ಟದ್ದಾದರೆ ಅದೆಂಥ ಸ್ವಾತಂತ್ರ್ಯ ಎಂದು ಕಾಲೇಜಿನ ದಿನಗಳಲ್ಲಿ ನಾನೂ ವಾದಿಸುತ್ತಿದ್ದೆ. ಈಗ ನನಗೆ ಅನ್ನಿಸುವುದು, ಯಾರೂ ಕೊಡದ ಸ್ವಾತಂತ್ರ್ಯ ಕೋಬಾಲ್‌ನಲ್ಲೂ ಇರಲಿಲ್ಲ ಎಂದು. ರಾತ್ರಿ ಆ ಪ್ರೋಗ್ರಾಮನ್ನು ಎಬ್ಬಿಸುತ್ತಿದ್ದದ್ದು ಆಪರೇಟಿಂಗ್ ಸಿಸ್ಟಮ್. ಅದು ಕಣ್ಣಿಗೆ ಕಾಣುತ್ತಿರಲಿಲ್ಲ, ನಾನು ಮೀಸೆ ತಿರುವುತ್ತಿದ್ದೆ.

ಪಠ್ಯವನ್ನು ಬದಲಿಸುವ ಕೆಲಸದಲ್ಲಿ ಇದು ಇನ್ನೂ ಸೂಕ್ಷ್ಮ. ಎಡಿಟರ್‌ನಲ್ಲಿ ತೆರೆದಿರುವ ಕಡತದ ಅಕ್ಷರವನ್ನು ಎಕ್ಸ್‌ಟೆನ್ಶನ್ ನೇರವಾಗಿ ತಿದ್ದುವಂತಿಲ್ಲ. ‘ಇಲ್ಲಿಂದ ಇಲ್ಲಿಯವರೆಗೆ ತೆಗೆದು ಇದನ್ನು ಹಾಕು’ ಎಂದು ಬರೆದುಕೊಡಬೇಕು. ಎಡಿಟರ್ ಆಮೇಲೆ ಆಯಿತು ಅಥವಾ ಆಗಲಿಲ್ಲ ಎಂದು ಉತ್ತರ ಕಳಿಸುತ್ತದೆ. ನಾವು ಕೇಳಿ ಉತ್ತರ ಬರುವಷ್ಟರಲ್ಲಿ ಬಳಸುವವನು ಏನೋ ಟೈಪು ಮಾಡಿ ಪಠ್ಯ ಬದಲಾಗಿದ್ದರೆ ಆಗಲಿಲ್ಲ ಎಂದೂ ಬರಬಹುದು. ಬದಲಾವಣೆ ಆಯಿತೆಂದರೂ ಕಂಟ್ರೋಲ್-ಜೆಡ್ ಒತ್ತಿ ಅದನ್ನು ಅಳಿಸುವ ಹಕ್ಕು ಅವನದು. ಇದನ್ನು ಹೇಳಿದ ಕೂಡಲೇ ಗೀತೆಯ ಆ ಪ್ರಸಿದ್ಧ ಶ್ಲೋಕ ಎತ್ತುವವರು ಇರುತ್ತಾರೆ. ಅವರಿಗೆ ನನ್ನ ತಕರಾರು: ಇಲ್ಲಿ ಫಲವನ್ನು ಮರೆ ಎಂದು ಯಾರೂ ಹೇಳುತ್ತಿಲ್ಲ. ಉತ್ತರಕ್ಕೆ ಕಾಯದೆ ಮುಂದೆ ಹೋಗುವ ಕೋಡ್ ಕೆಟ್ಟ ಕೋಡ್. ಫಲ ನನ್ನ ಕೈಯಲ್ಲಿಲ್ಲ ನಿಜ, ಆದರೆ ಫಲವನ್ನು ತಿಳಿದುಕೊಳ್ಳುವುದು ನನ್ನ ಕರ್ತವ್ಯದ ಭಾಗ. ನಿಷ್ಕಾಮ ಎಂಬುದನ್ನು ಬೇಜವಾಬ್ದಾರಿಗೆ ಹೊದಿಕೆ ಮಾಡಿಕೊಂಡವರನ್ನು ಬ್ಯಾಂಕಿನಲ್ಲೂ ನೋಡಿದ್ದೇನೆ, ಮಠದ ಜಗಲಿಯಲ್ಲೂ ನೋಡಿದ್ದೇನೆ.

ಇಷ್ಟರವರೆಗೆ ಎಲ್ಲ ಚೆಂದ. ಆದರೆ ತಂಗಿಯ ಮಗಳು ಒಂದು ದಿನ ಚೆಂದ ಕೆಡಿಸಿದಳು. “ನಿಮ್ಮ ಒಡೆಯ ಎಲ್ಲವನ್ನೂ ನಿಯಂತ್ರಿಸ್ತಾನೆ ಅಂತೀರಲ್ಲ ಮಾವಾ, ಎಕ್ಸ್‌ಟೆನ್ಶನ್ ಮನಸ್ಸು ಮಾಡಿದ್ರೆ ನಿಮ್ಮ ಡಿಸ್ಕಿನ ಫೈಲ್‌ಗಳನ್ನೇ ಅಳಿಸ್ಬಹುದು, ಗೊತ್ತುಂಟಾ?” ಹೌದು. ಪರದೆಯನ್ನು ಮುಟ್ಟಲು ಬಿಡದ ಹೋಸ್ಟ್, ನೋಡ್‌ನ ಸಾಧನಗಳನ್ನು ಬಳಸಲು ಬಿಡುತ್ತದೆ. ಕಡತ ಓದಬಹುದು, ಅಳಿಸಬಹುದು, ನೆಟ್‌ವರ್ಕ್‌ನಲ್ಲಿ ಎಲ್ಲಿಗೋ ಕಳಿಸಬಹುದು. ಎಡಿಟರ್‌ಗೆ ಇರುವಷ್ಟೇ ಅಧಿಕಾರ ಎಕ್ಸ್‌ಟೆನ್ಶನ್‌ಗೂ ಉಂಟು. ಯಾರದೋ ಫೋಲ್ಡರ್ ತೆರೆದಾಗ ‘ಇದನ್ನು ನಂಬುತ್ತೀರಾ’ ಎಂದು ಕೇಳುವ ವ್ಯವಸ್ಥೆ ಬಂದದ್ದೂ 2021ರಲ್ಲಿ. ಅದೂ ಫೋಲ್ಡರ್‌ನ ಬಗ್ಗೆ, ಎಕ್ಸ್‌ಟೆನ್ಶನ್‌ಗೆ ಬೇಲಿಯಲ್ಲ.

ಹಾಳು ಮಾಡುವ ಶಕ್ತಿಯನ್ನು ಯಾಕೆ ಕೊಟ್ಟ? ದೇವರ ಬಗ್ಗೆ ಎಲ್ಲ ಕಾಲದಲ್ಲೂ ಕೇಳಿದ ಪ್ರಶ್ನೆ ಇದು. ಎಡಿಟರ್ ಕಟ್ಟಿದವರ ಉತ್ತರ ಸುಲಭ: ಆ ಶಕ್ತಿ ಇಲ್ಲದಿದ್ದರೆ ಎಕ್ಸ್‌ಟೆನ್ಶನ್‌ಗಳು ಕಂಪೈಲರ್ ಕರೆಯಲಾರವು, ಟೆಸ್ಟ್ ಓಡಿಸಲಾರವು, ಬರೀ ಬಣ್ಣ ಬಳಿದುಕೊಂಡಿರಬೇಕು. ಸೂತ್ರಕಾರರ ಉತ್ತರ ಬಡಗಿಯ ನಂತರ ಬರುತ್ತದೆ. ಕರ್ತೃತ್ವ ಪರನಿಂದಲೇ ಬಂದದ್ದು ಎಂದು ಹೇಳಿ, ಕೂಡಲೇ ಒಂದು ತಡೆ ಹಾಕುತ್ತಾರೆ: ಅವನು ಮಾಡಿಸುವುದು ಜೀವ ಹಿಂದೆ ಮಾಡಿದ ಪ್ರಯತ್ನವನ್ನು ನೋಡಿಕೊಂಡು. ಇಲ್ಲವಾದರೆ ವಿಧಿನಿಷೇಧಗಳು ವ್ಯರ್ಥ. ನನಗೆ ಪ್ಯಾಕೇಜ್ ಡಾಟ್ ಜೇಸನ್ ನೆನಪಾಯಿತು. ಎಡಿಟರ್ ನನ್ನನ್ನು ಕರೆಯುತ್ತದೆ ನಿಜ, ಆದರೆ ನಾನು ಮೊದಲೇ ಬರೆದುಕೊಟ್ಟದ್ದನ್ನು ನೋಡಿ ಕರೆಯುತ್ತದೆ. ಘೋಷಿಸದ ಆಜ್ಞೆಯನ್ನು ಅದು ಪಟ್ಟಿಯಲ್ಲಿ ತೋರಿಸುವುದಿಲ್ಲ. ಕಡತ ಅಳಿಸುವ ಸಾಲು ನನ್ನ ಕೋಡಿನಲ್ಲಿದ್ದರೆ ಅದನ್ನು ಅಲ್ಲಿ ಇಟ್ಟದ್ದು ಕರೆದವನಲ್ಲ. ಪ್ರಶ್ನೆ ಪೂರ್ತಿ ತೀರಿತೆಂದು ನಾನು ಹೇಳುವುದಿಲ್ಲ. ಅನಾದಿ ಕರ್ಮದ ಕಡೆಗೆ ಹಿಂದಕ್ಕೆ ಹಿಂದಕ್ಕೆ ತಳ್ಳುವ ಉತ್ತರ ನನಗೆ ಯಾವತ್ತೂ ಪೂರ್ತಿ ಸಮಾಧಾನ ಕೊಟ್ಟಿಲ್ಲ. ಎಕ್ಸ್‌ಟೆನ್ಶನ್‌ಗೆ ಹಿಂದಿನ ಜನ್ಮ ಇಲ್ಲ, ಇದ್ದದ್ದು ನಾನೊಬ್ಬ.

ಹೋಲಿಕೆ ಮುರಿಯುವ ಜಾಗ ಇನ್ನೂ ಒಂದು ಉಂಟು, ಅದನ್ನು ಮುಚ್ಚಿಡುವುದು ಅಪ್ರಾಮಾಣಿಕ. ಎಡಿಟರ್ ಸ್ವತಂತ್ರವಲ್ಲ. ಗಿಟ್‌ಹಬ್‌ನವರು 2014ರಲ್ಲಿ ತಂದ ಆಟಮ್ ಎಂಬ ಎಡಿಟರ್‌ಗೆ ಎಷ್ಟೋ ಜನ ಪ್ರೀತಿಯಿಂದ ಪ್ಯಾಕೇಜ್‌ಗಳನ್ನು ಬರೆದರು. 2022ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ವಿಎಸ್ ಕೋಡ್ ನಿಂತಿರುವ ಎಲೆಕ್ಟ್ರಾನ್ ಎಂಬ ತಳಹದಿ ಮೊದಲು ಆಟಮ್‌ಗಾಗಿಯೇ ಆದದ್ದು, ಅದು ಉಳಿಯಿತು, ಆಟಮ್ ಉಳಿಯಲಿಲ್ಲ. ಒಡೆಯನೇ ಹೋದಾಗ ಅವನನ್ನು ನಂಬಿದ ಪ್ಯಾಕೇಜ್‌ಗಳ ಗತಿ ಏನು? ಯಾರ್ಯಾರನ್ನು ಆಶ್ರಯಿಸಿದ್ದೇವೆ ಎಂದು ಕೆಳಗೆ ಕೆಳಗೆ ಹುಡುಕುತ್ತಾ ಹೋದರೆ ಎಡಿಟರ್, ಎಲೆಕ್ಟ್ರಾನ್, ಆಪರೇಟಿಂಗ್ ಸಿಸ್ಟಮ್, ಕರೆಂಟು. ಎಲ್ಲವೂ ಅಸ್ವತಂತ್ರದ ಪಟ್ಟಿಗೇ ಸೇರುತ್ತವೆ. ದ್ವೈತಿಗೆ ಇದು ಸೋಲಲ್ಲ, ಸ್ವತಂತ್ರ ಒಬ್ಬನೇ ಎಂದು ಅವನು ಹೇಳಿದ್ದೂ ಇದನ್ನೇ. ಆದರೆ ಕಂಪನಿಯೊಂದರ ಸಾಧನವನ್ನು ತೋರಿಸಿ ‘ಇಗೋ ಈಶ್ವರ’ ಎನ್ನುವ ಆಸೆಯನ್ನು ಅದು ತಡೆಯುತ್ತದೆ.

ಸೊನ್ನೆಯ ಕತೆ ಹೇಳಿ ಮುಗಿಸುತ್ತೇನೆ. ಮೊದಲು ನನ್ನ ಯೋಜನೆ ಸರಳವಿತ್ತು: ಅಕ್ಷರಕ್ಕೆ ಅಂಟಿ ಬರುವ ಅಂಕಿಯ ಸೊನ್ನೆಯನ್ನೆಲ್ಲ ಒಂದೇ ಏಟಿಗೆ ಅನುಸ್ವಾರ ಮಾಡುವುದು. ಗೆಳೆಯರಲ್ಲಿ ಒಬ್ಬರು ವಿದ್ವಾಂಸರು, ಕರಡು ತಿದ್ದುವುದರಲ್ಲಿ ಹದ್ದಿನ ಕಣ್ಣು. ಅವರು ಬೇಡವೆಂದರು. ನಾಗರಿ ಮುದ್ರಣಗಳಲ್ಲಿ ಗ್ರಂಥಗಳ ಹೆಸರನ್ನು ಮೊಟಕುಗೊಳಿಸುವಾಗ ಮೊದಲ ಅಕ್ಷರದ ಮುಂದೆ ಒಂದು ಪುಟ್ಟ ಉಂಗುರ ಹಾಕುತ್ತಾರೆ. ಬೃಹದಾರಣ್ಯಕಕ್ಕೆ ‘ಬೃ’ ಬರೆದು ಉಂಗುರ. ಅದನ್ನು ನೋಡಿ ಕನ್ನಡಕ್ಕೆ ಇಳಿಸುವವರು ಅಂಕಿಯ ಸೊನ್ನೆಯನ್ನೇ ಒತ್ತಿರುತ್ತಾರೆ. ನನ್ನ ಎಕ್ಸ್‌ಟೆನ್ಶನ್ ಅದನ್ನು ‘ಬೃಂ’ ಮಾಡಿಬಿಟ್ಟರೆ ಹೊಸದೊಂದು ಬೀಜಾಕ್ಷರ ಹುಟ್ಟಿದಂತಾಗುತ್ತದೆ. ಹಾಗಾಗಿ ತಿದ್ದುವ ಆಜ್ಞೆಯನ್ನೇ ತೆಗೆದೆ. ಈಗ ಅದು ಅನುಮಾನವಿದ್ದಲ್ಲಿ ಅಲೆಅಲೆಯಾದ ಕೆಳಗೆರೆ ಎಳೆಯುತ್ತದೆ. ಪಕ್ಕದಲ್ಲಿ ಒಂದು ಬಲ್ಬಿನ ಗುರುತು ಬರುತ್ತದೆ. ಒತ್ತಿದರೆ ಬದಲಾಗುತ್ತದೆ, ಒತ್ತದಿದ್ದರೆ ಇಲ್ಲ.

ಇತರರಿಗೂ ಕೊಡಬಹುದು ಎಂದು ವಿಎಸ್‌ಸಿಇ ಎಂಬ ಸಾಧನದಿಂದ ಕಟ್ಟು ಮಾಡಲು ಹೊರಟರೆ ಅದಕ್ಕೂ ಶಾಸ್ತ್ರ ಉಂಟು. ರೀಡ್‌ಮಿ ಕಡತವನ್ನು ಕೊಟ್ಟ ಹಾಗೇ ಬಿಟ್ಟಿದ್ದರೆ ಮುಂದೆ ಹೋಗಲು ಬಿಡುವುದಿಲ್ಲ. ಪಬ್ಲಿಷರ್ ಎಂಬ ಖಾನೆ ತುಂಬದಿದ್ದರೂ ಬಿಡುವುದಿಲ್ಲ. ನಮ್ಮ ಗ್ರಂಥಗಳ ಕೊನೆಯಲ್ಲಿ ಶ್ರೀಕೃಷ್ಣಾರ್ಪಣಮಸ್ತು ಎಂದು ಹಾಕುವ ಪದ್ಧತಿ. ಕರ್ತೃತ್ವದ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಂಡವನು ಆ ಖಾನೆಯಲ್ಲಿ ಅದನ್ನೇ ಬರೆದರೆ ಹೇಗೆ ಎಂದು ಕೇಳಿದೆ. ತಂಗಿಯ ಮಗಳು ಫೋನಿನ ಆಚೆಯಿಂದ ಜೋರಾಗಿ ನಕ್ಕಳು. “ಆಮೇಲೆ ಬಗ್ ಬಂದ್ರೆ ಇಶ್ಯೂ ಯಾರ ಮೇಲೆ ಹಾಕೂದು ಮಾವಾ, ಕೃಷ್ಣನ ಮೇಲಾ?”

ಕೃಷ್ಣಾರ್ಪಣವನ್ನು ರೀಡ್‌ಮಿಯ ಕೊನೆಯ ಸಾಲಿಗೆ ಹಾಕಿದೆ. ಪಬ್ಲಿಷರ್ ಖಾನೆಯಲ್ಲಿ ನನ್ನ ಹೆಸರು ಉಂಟು. ಮೊದಲ ದೂರು ವಿದ್ವಾಂಸರಿಂದಲೇ ಬಂತು: ಪುಟಸಂಖ್ಯೆಯ ಹಿಂದೆ ಜಾಗ ಬಿಡದೆ ‘ಪು೦೫’ ಎಂದು ಬರೆದಲ್ಲಿಯೂ ಕೆಳಗೆರೆ ಬೀಳುತ್ತದಂತೆ. ಸೊನ್ನೆಯ ಮುಂದೆ ಅಂಕಿ ಇದ್ದರೆ ಬಿಟ್ಟುಬಿಡು ಎಂಬ ಶರತ್ತನ್ನು ಇವತ್ತು ಸಂಜೆ ಪಾಠಕ್ಕೆ ಹೋಗುವ ಮೊದಲು ಸೇರಿಸಬೇಕು.